ಬಿಡಿ ಸಿಗರೇಟು ನಿಷೇಧ ಮತ್ತು ಸಣ್ಣ ಅಂಗಡಿಕಾರ

ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತವು 2004ರಲ್ಲಿ ಅನುಮೋದಿಸಿತು. ಬಿಡಿ ಸಿಗರೇಟು ಎಳೆಯರ ಕೈಗೆ ಸುಲಭವಾಗಿ ಎಟುಕುವುದರಿಂದ ಅದರ ಮಾರಾಟವನ್ನು ನಿಷೇಧಿಸಲು ಯತ್ನಿಸಬೇಕೆಂದು ಒಪ್ಪಂದದ 16ನೇ ವಿಧಿಯು ಹೇಳುತ್ತದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕರ್ನಾಟಕದ ತಿದ್ದುಪಡಿ ಕಾಯ್ದೆಯು ಇದನ್ನೇ ವಿಧಿಸಿ, ಖರೀದಿಯ ವಯೋಮಿತಿಯನ್ನು 18ರಿಂದ 21ಕ್ಕೆ, ದಂಡವನ್ನು 200ರಿಂದ 1000 ರೂಪಾಯಿಗೆ ಏರಿಸಿತು. ಉದ್ದೇಶವನ್ನು ಯಾವ ವರ್ತಕನೂ ಅಲ್ಲಗಳೆಯಲಾರ. ಆದರೆ ಹರಪನಹಳ್ಳಿಯ ಬೀಡಾ ಅಂಗಡಿಯಲ್ಲಿ ಗಿರಾಕಿ ಕೇಳುವುದು ಒಂದೋ ಎರಡೋ; ಪ್ಯಾಕು ಕೊಳ್ಳುವವನು ವಿರಳ. ಬಿಡಿಯಾಗಿ ಮಾರಿದ್ದಕ್ಕೆ ದಂಡ ತೆರುವವನು ಈ ಅಂಗಡಿಕಾರನೇ ಹೊರತು ತಯಾರಕ ಕಂಪನಿಯಲ್ಲ. ಅದೇ ಒಪ್ಪಂದದ 17ನೇ ವಿಧಿಯು ಬೆಳೆಗಾರ, ಕಾರ್ಮಿಕರೊಡನೆ ಚಿಲ್ಲರೆ ಮಾರಾಟಗಾರನಿಗೂ ಪರ್ಯಾಯ ಜೀವನೋಪಾಯವನ್ನು ಉತ್ತೇಜಿಸಬೇಕೆನ್ನುತ್ತದೆ. ತಿದ್ದುಪಡಿಯಲ್ಲಿ ಆ ಮಾತಿಲ್ಲ. ವಾಣಿಜ್ಯ ಸಂಸ್ಥೆಗಳು ನಿಷೇಧವನ್ನು ವಿರೋಧಿಸುವ ಬದಲು, ಈ ವಿಧಿಯನ್ನು ಮುಂದಿಟ್ಟು, ಬದಲಿ ವ್ಯಾಪಾರಕ್ಕೆ ಅಲ್ಪ ಬಡ್ಡಿಯ ಸಾಲವನ್ನು ಸರ್ಕಾರದಿಂದ ಕೇಳುವುದು ಲೇಸು.