ತಾಯಿಯ ಹಾಲೂ ಜಗಲಿಯ ದೂರೂ

ಇಂದಿನ ಹೆಂಗಸರಿಗೆ ಶಿಶುವಿಗೆ ಹಾಲೂಡುವಷ್ಟೂ ತಾಳ್ಮೆಯಿಲ್ಲವೆಂಬ ದೂರು ಹೆಬ್ರಿಯ ಸುತ್ತಿನ ವಿದ್ಯಾವಂತರ ಜಗಲಿಗಳಲ್ಲಿ ಆಗಾಗ ಕೇಳಿಬರುವುದುಂಟು. ದೂರುವವರು ಮೊದಲು ತಮ್ಮ ಒಳಮನೆಯನ್ನು ನೋಡಬೇಕು. ಹಟ್ಟಿಯ ದನ ಕರು ಹಾಕಿದರೆ ಗಿಣ್ಣುಹಾಲಿಗೆ ಬೆಲ್ಲ ಬೆರೆಸಿ ಮನೆಮಂದಿಯೆಲ್ಲ ಸವಿಯುವರು. ಸೊಸೆ ಹೆತ್ತಾಗ ಬರುವ ಹಳದಿಯ ಮೊದಲ ಹಾಲನ್ನು ಮಾತ್ರ ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿ, ಕೂಸಿನ ನಾಲಗೆಗೆ ಜೇನು ಸವರುವ ಮನೆಗಳು ಇನ್ನೂ ಇವೆ. ರೋಗವನ್ನು ತಡೆಯುವ ಸತ್ವವು ಹೆಚ್ಚಾಗಿರುವುದು ಆ ಚೆಲ್ಲಿದ ಹಾಲಿನಲ್ಲಿಯೇ!

ಆದರೆ ತಪ್ಪನ್ನೆಲ್ಲ ಅಜ್ಜಿಯರ ತಲೆಗೆ ಕಟ್ಟುವುದೂ ನ್ಯಾಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ನೂರಕ್ಕೆ 88.6 ಹೆರಿಗೆಗಳು ಆಸ್ಪತ್ರೆ ಮೊದಲಾದ ಸಂಸ್ಥೆಗಳಲ್ಲಾದವು. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಹಾಲು ಕಂಡ ಮಕ್ಕಳು ನೂರಕ್ಕೆ 41.8 ಮಾತ್ರ. ಅಲ್ಲಿಯೂ ಅಜ್ಜಿಯರೇ ಅಡ್ಡ ನಿಂತರೇ?

ವ್ಯಾಪಾರದ ಪಾಪವೂ ಸಣ್ಣದಲ್ಲ. ಡಬ್ಬಿಹಾಲನ್ನು ಹೊಗಳಿ ತಾಯಂದಿರಿಗೆ ಮಾರಿದ್ದರಿಂದಾದ ಶಿಶುಮರಣವನ್ನು ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು 1939ರಲ್ಲಿ ಸಿಂಗಪುರದ ಸಭೆಯೊಂದರಲ್ಲಿ ಕೊಲೆಯೆಂದೇ ಕರೆದರು. ಭಾರತವು ಅದರ ಜಾಹೀರಾತನ್ನು 1992ರ ಕಾಯಿದೆಯಿಂದ ನಿಷೇಧಿಸಿತು.

ಜಾಹೀರಾತು ನಿಂತರೆ ತಾಯಿಗೆ ಬಿಡುವು ದೊರೆಯಿತೇ? 2017ರ ತಿದ್ದುಪಡಿಯು ಸಂಬಳಸಹಿತ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು, ನಿಜ. ಅಂಗಳಕ್ಕೆ ಅಡಕೆ ಸುಲಿಯಲು ಬರುವ ಹೆಂಗಸಿಗೆ ಆ ರಜೆಯನ್ನು ಕೊಡುವವರಾರು? ಆರು ತಿಂಗಳು ಮೊಲೆಹಾಲೊಂದೇ ಸಾಕೆಂದು ಅವಳಿಗೆ ಉಪದೇಶಿಸುವ ಯಜಮಾನರು, ಅದೇ ಜಗಲಿಯಲ್ಲಿ ಅವಳ ಕೂಸಿನ ತೊಟ್ಟಿಲಿಗೆ ಎಡೆಗೊಟ್ಟು, ಹಾಲೂಡಿದ ಹೊತ್ತಿನ ಕೂಲಿಯನ್ನು ಮುರಿಯದೆ, ಆಮೇಲೆ ದೂರಲಿ.