ದುರ್ಗದ ಓದುಗ ಮತ್ತು ಎರಡು ಬಗೆಯ ಕಾದಂಬರಿ

ಕನ್ನಡ ಕಾದಂಬರಿ ವಿಮರ್ಶೆಯಲ್ಲಿ ಸಾಮಾಜಿಕ, ಐತಿಹಾಸಿಕ, ನವ್ಯ ಎಂಬ ವರ್ಗೀಕರಣಗಳು ಬಹುಕಾಲದಿಂದ ಚಲಾವಣೆಯಲ್ಲಿವೆ. ವೈಜ್ಞಾನಿಕ ಕಾದಂಬರಿ ಈ ಪಟ್ಟಿಯ ಕೊನೆಯಲ್ಲಿ, ಪತ್ತೇದಾರಿಯ ಪಕ್ಕದಲ್ಲಿ, ಒಂದು ಸಾಲಿನ ಉಲ್ಲೇಖವಾಗಿ ನಿಂತಿರುವುದೇ ಹೆಚ್ಚು. ಗಂಭೀರ ಸಾಹಿತ್ಯ ಬೇರೆ, ಇದು ಬೇರೆ ಎಂಬ ಗ್ರಹಿಕೆ ಅದರ ಹಿಂದಿದೆ. ಓದುಗನ ಅನುಭವ ಇದನ್ನು ಒಪ್ಪುತ್ತದೆಯೇ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ನಿಂತು ಓದುವವನ ಕಣ್ಣಿನಿಂದ ನೋಡಿದರೆ ಒಪ್ಪುವುದಿಲ್ಲವೆಂದೇ ಹೇಳಬೇಕಾಗುತ್ತದೆ.

ಈ ಸೀಮೆಯ ಓದುಗನಿಗೆ ಕಾದಂಬರಿ ಎಂದೊಡನೆ ನೆನಪಾಗುವವರು ತ.ರಾ.ಸು. ಅವರ ‘ದುರ್ಗಾಸ್ತಮಾನ’ ೧೯೮೨ರಲ್ಲಿ ಬಂದಿತು. ೧೯೮೪ರಲ್ಲಿ ಅವರು ತೀರಿಕೊಂಡ ಮರುವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ೧೭೭೯ರಲ್ಲಿ ದುರ್ಗ ಹೈದರಾಲಿಯ ವಶವಾಯಿತೆಂಬುದು ಪುಸ್ತಕ ತೆರೆಯುವ ಮೊದಲೇ ಎಲ್ಲರಿಗೂ ಗೊತ್ತು. ಶೀರ್ಷಿಕೆಯೇ ಅದನ್ನು ಸಾರುತ್ತದೆ. ಆದರೂ ಓದುಗ ಕೊನೆಯ ಪುಟದವರೆಗೆ ಮದಕರಿನಾಯಕನ ಗೆಲುವನ್ನು ಹಾರೈಸುತ್ತಲೇ ಹೋಗುತ್ತಾನೆ. ಈ ವಿಚಿತ್ರ ಅನುಭವಕ್ಕೆ ಕಾರಣ ಹುಡುಕಬೇಕು. ಬಖೈರುಗಳು, ಶಾಸನಗಳು ಹೆಸರು ಹೇಳುತ್ತವೆ, ತೇದಿ ಹೇಳುತ್ತವೆ. ಮುತ್ತಿಗೆಯ ಇರುಳಿನಲ್ಲಿ ಯಾರು ಯಾರೊಡನೆ ಏನು ಮಾತನಾಡಿದರೆಂದು ಹೇಳುವುದಿಲ್ಲ. ಆ ತೆರವನ್ನು ಕಾದಂಬರಿಕಾರ ತುಂಬುತ್ತಾನೆ. ಹಾಗೆಂದು ಅವನು ಸ್ವತಂತ್ರನಲ್ಲ. ಮದಕರಿಗೆ ಗೆಲುವು ಕೊಡುವಂತಿಲ್ಲ, ಬತೇರಿಯನ್ನು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಸರಿಸುವಂತಿಲ್ಲ. ಏಳುಸುತ್ತಿನ ಕೋಟೆಯನ್ನು ಕಾಲಿನಿಂದ ಬಲ್ಲ ಊರಿನವರು ಓಬವ್ವನ ಕಿಂಡಿಯ ದಿಕ್ಕು ತಪ್ಪಿದರೆ ಪುಸ್ತಕವನ್ನೇ ಮುಚ್ಚಿಡುತ್ತಾರೆ.

ವೈಜ್ಞಾನಿಕ ಕಾದಂಬರಿಯ ಸ್ಥಿತಿಯೂ ಇದೇ. ನಡೆದದ್ದರ ನಡುವಣ ತೆರವಿನ ಬದಲು ನಡೆಯಬಹುದಾದದ್ದರ ತೆರವನ್ನು ಅದು ತುಂಬುತ್ತದೆ. ಒಬ್ಬ ಲೇಖಕ ಶಾಸನಕ್ಕೆ ಉತ್ತರ ಹೇಳಬೇಕಾದರೆ, ಇನ್ನೊಬ್ಬ ಬೆಳಕಿನ ವೇಗಕ್ಕೆ, ಗುರುತ್ವಕ್ಕೆ, ಗಾಳಿಯಿಲ್ಲದ ಅವಕಾಶಕ್ಕೆ ಉತ್ತರ ಹೇಳಬೇಕು. ಎರಡೂ ಕಟ್ಟಿಗೊಳಪಟ್ಟ ಕಲ್ಪನೆಗಳೇ. ಇವೆರಡನ್ನು ದೂರದ ನೆಂಟರಂತೆ ಕಾಣುವುದಕ್ಕಿಂತ ಒಡಹುಟ್ಟಿದವರೆಂದು ಕಾಣುವುದು ಹೆಚ್ಚು ಸರಿ.

ಆದರೆ ಕನ್ನಡದ ವೈಜ್ಞಾನಿಕ ಕಾದಂಬರಿಗಳ ಬಗ್ಗೆ ಓದುಗನ ಅತೃಪ್ತಿಯೂ ಸುಳ್ಳಲ್ಲ. ರಾಜಶೇಖರ ಭೂಸನೂರಮಠರಂಥವರು ಈ ಪ್ರಕಾರವನ್ನು ಹಟ ಹಿಡಿದು ಬೆಳೆಸಿದರು. ಆ ಹಟಕ್ಕೆ ದೊರೆಯಬೇಕಾದ ವಿಮರ್ಶೆ ದೊರೆಯಲಿಲ್ಲ. ಒಟ್ಟಾರೆ ಪ್ರಕಾರವನ್ನು ಕಾಡುವ ದೋಷವೆಂದರೆ ವಿವರಣೆಯದು. ಕಥೆ ನಡೆಯುತ್ತಿರುವಾಗಲೇ ಪಾತ್ರವೊಂದು ಎದ್ದುನಿಂತು ಪಠ್ಯಪುಸ್ತಕವಾಗಿಬಿಡುತ್ತದೆ, ಇನ್ನೊಂದು ಪಾತ್ರ ವಿಧೇಯ ವಿದ್ಯಾರ್ಥಿಯಾಗಿ ತಲೆಯಾಡಿಸುತ್ತದೆ. (ಐತಿಹಾಸಿಕ ಕಾದಂಬರಿಯ ಮಂತ್ರಿಗಳೂ ಎಷ್ಟೋ ಸಲ ಇದೇ ಕೆಲಸ ಮಾಡಿದ್ದಾರೆಂಬುದನ್ನು ಮರೆಯಬಾರದು.) ಈ ತೊಡಕನ್ನು ಚೆನ್ನಾಗಿ ಬಿಡಿಸಿದವರು ವೈಜ್ಞಾನಿಕ ಕಾದಂಬರಿಕಾರರೆಂದು ಕರೆಸಿಕೊಳ್ಳದ ಪೂರ್ಣಚಂದ್ರ ತೇಜಸ್ವಿ. ೧೯೮೦ರ ‘ಕರ್ವಾಲೊ’ದಲ್ಲಿ ವಿಜ್ಞಾನಿ ಇದ್ದಾನೆ, ವಿಕಾಸವಾದವಿದೆ, ಆದರೆ ಹಾರುವ ಓತಿಯನ್ನು ಕಂಡವನು ಹಳ್ಳಿಯ ಮಂದಣ್ಣ. ತಿಳಿದವನು ತಿಳಿಯದವನಿಗೆ ಬೋಧಿಸುವ ಏಣಿ ಅಲ್ಲಿ ತಲೆಕೆಳಗಾಗುತ್ತದೆ. ಕೊನೆಗೆ ಓತಿ ಕೈಗೆ ಸಿಗದೆ ಪ್ರಪಾತಕ್ಕೆ ತೇಲಿಹೋಗುವಾಗ ಓದುಗನಿಗೆ ಆಗುವುದು ನಷ್ಟದ ಅನುಭವವಲ್ಲ, ಬೆರಗು. ಎಸ್.ಎಲ್. ಭೈರಪ್ಪನವರ ‘ಯಾನ’ (೨೦೧೪) ಇದಕ್ಕೆ ಬೇರೆಯಾದ ದಾರಿ ಹಿಡಿಯುತ್ತದೆ. ಮರಳಿ ಬರಲಾಗದ ನೌಕೆ, ಅದರೊಳಗೇ ಹುಟ್ಟಿ ಬೆಳೆದ ಮಕ್ಕಳು, ಭೂಮಿಯ ಸಂಬಂಧಗಳ ನಿಯಮ ಭೂಮಿಯಿಲ್ಲದಲ್ಲಿ ಉಳಿಯುತ್ತದೆಯೇ ಎಂಬ ಪ್ರಶ್ನೆ. ಪ್ರಶ್ನೆ ದೊಡ್ಡದು. ನೌಕೆಯಾದರೋ ಆ ಪ್ರಶ್ನೆಗೆ ಕಟ್ಟಿಕೊಟ್ಟ ಚಾವಡಿಯಂತಿದೆ. ಯಂತ್ರದ ವಾಸನೆ, ಸದ್ದು, ಕೆಡುಕು ಓದುಗನ ಮೈಗೆ ತಾಗುವುದು ಕಡಿಮೆ. ದುರ್ಗದ ಬಂಡೆ ತ.ರಾ.ಸು. ಗದ್ಯದಲ್ಲಿ ತಾಗುವಷ್ಟು ಅದು ತಾಗುವುದಿಲ್ಲ.

ಇಲ್ಲಿಯೇ ಈ ನೆಲದ ಮಾತು ಬರುತ್ತದೆ. ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯ ಬಳಿ ದಿಂಬಿನಾಕಾರದ ಲಾವಾ ಶಿಲೆಗಳಿವೆ. ನೀರಿನಡಿಯಲ್ಲಿ ಉಕ್ಕಿ ತಣಿದು ಆ ರೂಪ ಪಡೆದ ಅವು ಸುಮಾರು ೨೫೦ ಕೋಟಿ ವರ್ಷ ಹಳೆಯವು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬರಕ್ಕೆ ಹೆಸರಾದ ಈ ಬಯಲು ಒಂದು ಕಾಲಕ್ಕೆ ಸಮುದ್ರದಡಿಯಿತ್ತೆಂಬ ಸಂಗತಿಯ ಮುಂದೆ ಪಾಳೆಯಗಾರರ ಎರಡು ಶತಮಾನ ಕಣ್ಣೆವೆಯಷ್ಟು. ವಾಣಿವಿಲಾಸ ಸಾಗರ ೧೯೩೩ರಲ್ಲಿ ಕೋಡಿಬಿದ್ದ ಮೇಲೆ ಮತ್ತೆ ಕೋಡಿಬಿದ್ದದ್ದು ೨೦೨೨ರಲ್ಲಿ; ಆ ೮೯ ವರ್ಷ ಕಾದ ತಲೆಮಾರುಗಳ ಕಥೆಯನ್ನು ಯಾವ ವರ್ಗದಲ್ಲಿ ಇಡುವುದು? ಅತ್ತ ಚಳ್ಳಕೆರೆಯ ಕಾವಲಿನಲ್ಲಿ ೨೦೨೩ರ ಏಪ್ರಿಲ್ ೨ರಂದು ಹೆಲಿಕಾಪ್ಟರೊಂದು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯುಳ್ಳ ವಾಹನ, ಚಾಲಕನಿಲ್ಲದೆ ತಾನೇ ಓಡುದಾರಿಗೆ ಇಳಿಯಿತು. ೨೦೨೪ರಲ್ಲಿ ಇನ್ನೆರಡು ಸಲ ಇಳಿಯಿತು. ಅದಕ್ಕೆ ಇಟ್ಟ ಹೆಸರು ಪುಷ್ಪಕ. ಇದೇ ಕಾವಲು ಅಮೃತಮಹಲ್ ದನಗಳದು, ಸುತ್ತಲ ಹಳ್ಳಿಗಳ ಕುರಿಗಳದು. ಹುಲ್ಲುಗಾವಲು ಕೈತಪ್ಪಿದವರ ಮೊರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿತ್ತು. ಪುರಾಣದ ಹೆಸರಿನ ಯಂತ್ರ ಇಳಿಯುವುದನ್ನು ಬೇಲಿಯಾಚೆಯಿಂದ ನೋಡುವ ಕುರಿಗಾಹಿ ಸಾಮಾಜಿಕ ಕಾದಂಬರಿಯ ಪಾತ್ರವೋ ವೈಜ್ಞಾನಿಕ ಕಾದಂಬರಿಯ ಪಾತ್ರವೋ ಎಂದು ಕೇಳಿದರೆ ನಮ್ಮ ವರ್ಗೀಕರಣ ತಡವರಿಸುತ್ತದೆ.

ತರಗತಿಯಲ್ಲಿ ಇದರ ಪರಿಣಾಮ ಸಣ್ಣದಲ್ಲ. ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳ ಪೈಕಿ ಈ ಎರಡೂ ಲೋಕಗಳನ್ನು ಕಣ್ಣಾರೆ ಕಂಡವರಿದ್ದಾರೆ. ಅವರಿಗೆ ‘ದುರ್ಗಾಸ್ತಮಾನ’ವನ್ನು ಐತಿಹಾಸಿಕವೆಂದೂ ‘ಯಾನ’ವನ್ನು ಅಪವಾದವೆಂದೂ ಬೇರೆ ಬೇರೆ ಘಟಕಗಳಲ್ಲಿ ಬೋಧಿಸುವ ಬದಲು ಒಂದೇ ಮೇಜಿನ ಮೇಲಿಟ್ಟು, ಲೇಖಕ ಗೊತ್ತಿರುವುದಕ್ಕೆ ಎಷ್ಟು ಬದ್ಧ, ಗೊತ್ತಿಲ್ಲದ್ದನ್ನು ಹೇಗೆ ತುಂಬುತ್ತಾನೆ ಎಂದು ಕೇಳುವುದು ಹೆಚ್ಚು ಫಲಕಾರಿ. ಪಠ್ಯಕ್ರಮ ಸಮಿತಿಗಳಿಗೆ ಇದಕ್ಕಾಗಿ ಹೊಸ ಪತ್ರಿಕೆಯೂ ಬೇಕಿಲ್ಲ. ಈಗಿರುವ ಕಾದಂಬರಿ ಪತ್ರಿಕೆಯಲ್ಲಿ ಒಂದು ಘಟಕದ ಹೆಸರು ಬದಲಾದರೆ ಸಾಕು.