ಗಂಟೆಗೆ ಹದಿಮೂರು ರೂಪಾಯಿ



“ನಿಮಗೇನಕ್ಕಾ, ಮನೇಲಿ ಸುಮ್ನೆ ಇರ್ತೀರಿ” ಎಂದಳು, ನಮ್ಮ ತಿತಿಮತಿಯಲ್ಲಿ ಕಾಫಿ ಕೊಯ್ಲಿಗೆ ಹೋಗುವ ನೆರೆಮನೆಯಾಕೆ. ಮನಸ್ಸು ಚುರ್ರೆಂದಿತು. ಆದರೆ ಜನಗಣತಿಯವರೂ ಹಾಗೇ ಅಲ್ಲವೇ? ಮನೆಗೆಲಸ ಮಾತ್ರ ಮಾಡುವವಳು ಅವರ ಲೆಕ್ಕದಲ್ಲಿ ದುಡಿಯದವಳು.

ಸ್ತ್ರೀವಾದಿಗಳಲ್ಲೂ ಈ ಬಗ್ಗೆ ಒಮ್ಮತವಿಲ್ಲ. ಮನೆಗೆಲಸಕ್ಕೂ ಸಂಬಳ ಕೊಡಿ ಎಂದು 1972ರಲ್ಲಿ ಸೆಲ್ಮಾ ಜೇಮ್ಸ್ ಮತ್ತು ಗೆಳತಿಯರು ಚಳವಳಿ ಹೂಡಿದರು. ಅಮೆರಿಕದ ಏಂಜೆಲಾ ಡೇವಿಸ್ 1981ರಲ್ಲಿ ಇದನ್ನು ಒಪ್ಪಲಿಲ್ಲ. ಸಂಬಳ ಬಂದರೂ ಹೆಣ್ಣು ಅಡುಗೆಮನೆಯಲ್ಲೇ ಉಳಿಯುತ್ತಾಳೆ, ಹೊರಗೆ ದುಡಿಯುವ ಅವಕಾಶ ಬೇಕು ಎಂಬುದು ಅವರ ವಾದ.

ನಮ್ಮಲ್ಲಿ 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾಯಿತು. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಇದು ಸಂಬಳವಲ್ಲ, ನೆರವು. ಆದರೂ ಸುಮ್ಮನೆ ಲೆಕ್ಕ ಹಾಕಿದೆ. 2019ರ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ 299 ನಿಮಿಷ ದುಡಿಯುತ್ತಾರೆ. ಗಂಡಸರು 97 ನಿಮಿಷ. ಅಂದರೆ ನಮಗೆ ಗಂಟೆಗೆ ಹದಿಮೂರು ರೂಪಾಯಿ ಚಿಲ್ಲರೆ!

ಹಾಗಂತ ಆ ಹಣವನ್ನು ಹಗುರವಾಗಿ ಕಾಣಲಾರೆ. ಯಾರನ್ನೂ ಕೇಳದೆ ಖರ್ಚು ಮಾಡುವ ಧೈರ್ಯ ಅದರಲ್ಲಿದೆ.

ನೆರೆಮನೆಯಾಕೆಗೆ ಕೂಲಿಯೇನೋ ಕೈಗೆ ಬರುತ್ತದೆ. ಆದರೆ ಸಂಜೆ ತೋಟದಿಂದ ಬಂದವಳು ನೀರು, ಸೌದೆ, ಅಡುಗೆ ಅಂತ ಮತ್ತೆ ಶುರು ಮಾಡಬೇಕು. ಹಣವೂ ಬೇಕು, ಹೊರಗಿನ ದುಡಿಮೆಯೂ ಬೇಕು, ನಿಜ. ಮನೆಗೆಲಸದಲ್ಲಿ ಗಂಡಸರು ಪಾಲು ತೆಗೆದುಕೊಳ್ಳದಿದ್ದರೆ ಎರಡೂ ಅರ್ಧಂಬರ್ಧವೇ.

ನಮ್ಮನೆಯಲ್ಲಿ ರಾತ್ರಿ ಪಾತ್ರೆ ಈಗ ಮಗನ ಪಾಲು. ಮೊದಲ ದಿನ ಎರಡು ಲೋಟ ಒಡೆದ. ಒಡೆಯಲಿ ಬಿಡಿ!

ನಿಮ್ಮನೆಯ ಲೆಕ್ಕ ಹೇಗಿದೆ? ಬರೆದು ತಿಳಿಸಿ.